ಮುಂಬಯಿಯ ಎರಡು ಕೋಣೆಯ ಮನೆಗೆ ಯಾವುದು ಒಗ್ಗುತ್ತದೆ?

ಉಡುಪಿಯ ನಮ್ಮ ತವರಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಜಾಗವಿತ್ತು. ಒದ್ದೆ ಬಟ್ಟೆ ಅಂಗಳದ ಬಿಸಿಲಿಗೆ, ತರಕಾರಿ ಸಿಪ್ಪೆ ತೆಂಗಿನ ಬುಡಕ್ಕೆ, ಮೀನಿನ ಕಸ ಗೊಬ್ಬರದ ಗುಂಡಿಗೆ. ಮುಂಬಯಿಯ ಮನೆಯಲ್ಲಿ ಅಂಗಳವಿಲ್ಲ, ತೆಂಗಿಲ್ಲ, ಗುಂಡಿಯೂ ಇಲ್ಲ. ಕಳೆದ ವರ್ಷ ನನ್ನ ತಂಗಿಯ ಮಗಳು ಗಂಡ ಮತ್ತು ಎರಡು ವರ್ಷದ ಮಗುವಿನೊಂದಿಗೆ ಭಾಂಡುಪಿಗೆ ಬಂದು ನೆಲೆಸಿದಳು. ಮೊದಲ ತಿಂಗಳಲ್ಲೇ ಕೇಳಿದಳು: “ದೊಡ್ಡಮ್ಮ, ನೆಲಕ್ಕೆ ಏನು ಹಾಕಿ ಒರೆಸಲಿ, ನೀರಿಗೆ ಯಾವ ಯಂತ್ರ ತರಲಿ, ಈ ಕಸವನ್ನು ಏನು ಮಾಡಲಿ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.” ಅವಳಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಮುಂಬಯಿಯದೇ ಮುಲುಂಡಿನಲ್ಲಿ 26 ವರ್ಷ ಸಂಸಾರ ಮಾಡಿದ ಮೇಲೆ ನಾನು ಯಾವ ವಸ್ತುವನ್ನು ತರುವ ಮೊದಲೂ ಎರಡು ಪ್ರಶ್ನೆ ಕೇಳುತ್ತೇನೆ. ಜುಲೈ ತಿಂಗಳಲ್ಲಿ ಇದು ಒಣಗುತ್ತದೆಯೇ? ಇದನ್ನು ಇಡಲು ನಮ್ಮಲ್ಲಿ ಜಾಗವಿದೆಯೇ? ಮಳೆಯ ಲೆಕ್ಕದಲ್ಲಿ ಉಡುಪಿ ಮುಂಬಯಿಗಿಂತ ಮುಂದೆ. ಆದರೆ ಅಲ್ಲಿ ಗಾಳಿಯಾಡುವ ಹಂಚಿನ ಮಾಡಿದೆ, ಜಗಲಿಯಿದೆ, ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಲು ಬಚ್ಚಲ ಒಲೆಯಿದೆ. ಇಲ್ಲಿ ನಾಲ್ಕೂ ಕಡೆ ಸಿಮೆಂಟಿನ ಗೋಡೆ, ಅದರಾಚೆ ಇನ್ನೊಬ್ಬರ ಮನೆ. ಪರಿಸರಕ್ಕೆ ಒಳ್ಳೆಯದೆಂದು ತಂದ ವಸ್ತುವೂ ಇಲ್ಲಿ ಒಣಗದೆ ಮುಗ್ಗಿದರೆ ಮಗುವಿನ ಎದೆಗೆ ಕೆಟ್ಟದ್ದೇ.

ನೆಲ: ಮೊದಲು ಕಲ್ಲನ್ನು ಗುರುತಿಸಿ

ಫಿನಾಯಿಲ್ ಒಳ್ಳೆಯದೋ ವಿನೆಗರ್ ಒಳ್ಳೆಯದೋ ಎಂದು ಕೇಳುವ ಮೊದಲು ಕಾಲ ಕೆಳಗೆ ಏನಿದೆ ಎಂದು ನೋಡಬೇಕು. ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಮೊಸಾಯಿಕ್ ಲಾದಿ (ನೆಲದ ಬಿಲ್ಲೆ) ಇಲ್ಲವೇ ಕೋಟಾ ಕಲ್ಲು, ಅಡುಗೆ ಕಟ್ಟೆಗೆ ಕಪ್ಪು ಕಡಪಾ ಕಲ್ಲು, ಕೆಲವರಲ್ಲಿ ಅಮೃತಶಿಲೆ. ಕೋಟಾ ಮತ್ತು ಕಡಪಾ ಎರಡೂ ಸುಣ್ಣದ ಕಲ್ಲುಗಳು. ಮೊಸಾಯಿಕ್‌ನಲ್ಲಿ ಇರುವುದು ಅಮೃತಶಿಲೆಯ ಚೂರು ಮತ್ತು ಸಿಮೆಂಟು. ಹುಳಿ ಇರುವ ಯಾವುದೇ ವಸ್ತು, ಅದು ವಿನೆಗರ್ ಆಗಲಿ, ನಿಂಬೆರಸವಾಗಲಿ, ಸಂಡಾಸಿಗೆ ಹಾಕುವ ಆ್ಯಸಿಡ್ ಆಗಲಿ, ಈ ಕಲ್ಲುಗಳನ್ನು ನಿಧಾನವಾಗಿ ತಿನ್ನುತ್ತದೆ. ಹೊಳಪು ಹೋಗುತ್ತದೆ, ಸಣ್ಣ ಸಣ್ಣ ರಂಧ್ರಗಳಲ್ಲಿ ಕೊಳೆ ಕೂರುತ್ತದೆ, ಆಮೇಲೆ ಎಷ್ಟು ಒರೆಸಿದರೂ ಕಪ್ಪು. “ರಾಸಾಯನಿಕ ಬೇಡ, ವಿನೆಗರ್ ಸಾಕು” ಎಂಬ ಮಾತನ್ನು ನಂಬಿ ನಮ್ಮ ಕಟ್ಟಡದ ಒಂದು ಮನೆಯವರು ವರ್ಷವೊಂದರಲ್ಲಿ ಒಳ್ಳೆಯ ಕೋಟಾ ನೆಲವನ್ನು ಕಳೆದುಕೊಂಡರು. ವಿಟ್ರಿಫೈಡ್ ಟೈಲ್, ಗಾಜು, ಸ್ಟೀಲಿನ ಸಿಂಕು, ಇವುಗಳಿಗೆ ವಿನೆಗರ್ ಧಾರಾಳವಾಗಿ ಬಳಸಬಹುದು. ಸಂಶಯವಿದ್ದರೆ ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ಮಂಕಾದ ಕಲೆ ಉಳಿದರೆ ನಿಮ್ಮದು ಸುಣ್ಣದ ಕಲ್ಲು.

ವಿನೆಗರ್ ಮತ್ತು ಅಡುಗೆ ಸೋಡಾವನ್ನು ಒಟ್ಟಿಗೆ ಬೆರೆಸಿದರೆ ನೊರೆ ಚೆನ್ನಾಗಿಯೇ ಬರುತ್ತದೆ. ಆ ನೊರೆ ಎಂದರೆ ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದುಕೊಳ್ಳುತ್ತಿರುವ ಗುರುತು. ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಸೋಡಾದಿಂದ ಉಜ್ಜಿ, ತೊಳೆದು, ಬೇಕಿದ್ದರೆ ಆಮೇಲೆ ವಿನೆಗರ್ ಹಾಕಿ. ಬೇರೆ ಬೇರೆಯಾಗಿ ಎರಡೂ ಕೆಲಸ ಮಾಡುತ್ತವೆ.

ಇನ್ನು ಫಿನಾಯಿಲ್. ಕಪ್ಪು ಫಿನಾಯಿಲ್ ಚರಂಡಿಗೆ, ಮೆಟ್ಟಿಲಿನ ಕೆಳಗಿನ ಜಾಗಕ್ಕೆ ಸರಿ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗೆ ಹಾಕುವ ಮನೆಯೊಳಗೆ ಅದು ಬೇಡ. ಬಿಳಿ ಫಿನಾಯಿಲ್ ಅಷ್ಟು ಕಟುವಲ್ಲ, ಆದರೂ ದಿನವೂ ಬೇಕಿಲ್ಲ. ಯಾರಾದರೂ ವಾಂತಿ ಮಾಡಿದಾಗ, ಮಳೆಗಾಲದಲ್ಲಿ ಗಟಾರದ ನೀರು ಒಳಗೆ ಬಂದಾಗ, ಮನೆಯಲ್ಲಿ ಹೊಟ್ಟೆಯ ರೋಗ ಇದ್ದಾಗ ಅದನ್ನು ತೆಗೆಯಿರಿ.

ಅಂಟುವಾಳ ಕಾಯಿಯ ಮೇಲೆ ನನಗೆ ತುಂಬ ಪ್ರೀತಿ. ರಾತ್ರಿ ನೆನೆಸಿ ಬೆಳಿಗ್ಗೆ ಕುದಿಸಿ ಸೋಸಿದ ನೀರು ಜಿಡ್ಡನ್ನು ಮೃದುವಾಗಿ ಬಿಡಿಸುತ್ತದೆ. ಆದರೆ ಮುಂಬಯಿಯ ಸೆಖೆಯಲ್ಲಿ ಮೂರನೆಯ ದಿನಕ್ಕೆ ಅದು ಹುಳಿಯುತ್ತದೆ, ಫ್ರಿಜ್ಜಿನಲ್ಲಿ ಜಾಗ ಕೇಳುತ್ತದೆ. ರೇಷ್ಮೆ ಸೀರೆ, ಉಣ್ಣೆಯ ಬಟ್ಟೆ, ಚಿನ್ನ ಬೆಳ್ಳಿಗೆ ಅದನ್ನು ಇಟ್ಟುಕೊಳ್ಳಿ. ನೆಲಕ್ಕೆ ನನ್ನ ಆಯ್ಕೆ ಬಹಳ ಸಾದಾ: ಅರ್ಧ ಬಕೆಟ್ ಬಿಸಿನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ. ಎಲ್ಲ ಬಗೆಯ ಕಲ್ಲಿಗೂ ಸುರಕ್ಷಿತ, ಅಗ್ಗ, ಹೊಸ ಬಾಟಲಿ ಇಡಲು ಜಾಗ ಬೇಕಿಲ್ಲ.

ದ್ರವಕ್ಕಿಂತ ಒರೆಸುವ ಬಟ್ಟೆ ಮುಖ್ಯ. ದಪ್ಪ ನೂಲಿನ ಮಾಪ್ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಮರುದಿನ ಅದರಿಂದ ಒರೆಸಿದರೆ ನಿನ್ನೆಯ ಕೊಳೆತ ನೀರನ್ನು ಮನೆಯೆಲ್ಲ ಹರಡಿದಂತೆ. ಮೈಕ್ರೋಫೈಬರ್ ಬೇಗ ಒಣಗುತ್ತದೆ, ಆದರೆ ಅದು ಪ್ಲಾಸ್ಟಿಕ್ಕಿನ ನೂಲು, ಪ್ರತಿ ಸಲ ತೊಳೆದಾಗಲೂ ಕಣ್ಣಿಗೆ ಕಾಣದ ಎಳೆಗಳನ್ನು ನೀರಿಗೆ ಬಿಡುತ್ತದೆ. ಹಳೆಯ ಹತ್ತಿ ಪಂಚೆಯನ್ನು ನಾಲ್ಕು ತುಂಡು ಮಾಡಿ ಸರದಿಯಲ್ಲಿ ಬಳಸಿದರೆ ಯಾವಾಗಲೂ ಒಂದು ಒಣಗಿರುತ್ತದೆ. ಪಾತ್ರೆ ತಿಕ್ಕಲೂ ಇದೇ ಅಳತೆಗೋಲು: ಸ್ಪಂಜು ಒದ್ದೆಯಾಗಿಯೇ ಕುಳಿತಿರುತ್ತದೆ, ತೆಂಗಿನ ನಾರು ಮತ್ತು ಒಣ ಹೀರೆಕಾಯಿಯ ನಾರು ಗಾಳಿಗೆ ನೇತುಹಾಕಿದರೆ ಒಣಗುತ್ತವೆ.

ಬಚ್ಚಲು

ಇಲ್ಲಿ ಹೋಲಿಕೆಗಿಂತ ಮೊದಲು ಎಚ್ಚರಿಕೆ. ಸಂಡಾಸು ತೊಳೆಯುವ ಆ್ಯಸಿಡ್ ದ್ರವ ಮತ್ತು ಬ್ಲೀಚ್ ಎಂದಿಗೂ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರ್ ಜೊತೆ ಬ್ಲೀಚ್ ಸೇರಿದರೂ ಅದೇ. ಮದುವೆಯಾದ ಹೊಸತರಲ್ಲಿ ಎರಡನ್ನೂ ಒಟ್ಟಿಗೆ ಹಾಕಿ ಬಾಗಿಲು ಮುಚ್ಚಿ ಉಜ್ಜಲು ಕುಳಿತ ನನಗೆ ನಿಮಿಷದೊಳಗೆ ಗಂಟಲು ಕಟ್ಟಿ ಕಣ್ಣು ಉರಿಯಿತು. ಓಡಿ ಹೊರಗೆ ಬಂದದ್ದರಿಂದ ಬದುಕಿದೆ. ನಾಲ್ಕಡಿ ಅಗಲದ ಬಚ್ಚಲಿನಲ್ಲಿ ಆ ಗಾಳಿ ಎಲ್ಲಿಗೂ ಹೋಗುವುದಿಲ್ಲ. ಮನೆಕೆಲಸಕ್ಕೆ ಬರುವ ಹೆಂಗಸಿಗೂ ಇದನ್ನು ಬಾಯಿಬಿಟ್ಟು ಹೇಳಿ, ಎರಡು ಬಾಟಲಿಗಳನ್ನು ಬೇರೆ ಬೇರೆ ಕಡೆ ಇಡಿ.

ನಲ್ಲಿಯ ಬಿಳಿ ಕಲೆಗೆ ನಿಂಬೆ ಉಪ್ಪಿನ (ಸಿಟ್ರಿಕ್ ಆ್ಯಸಿಡ್) ನೀರು ಸಾಕು. ಸ್ನಾನದ ನಂತರ ವೈಪರ್ ಎಳೆದು ಬಾಗಿಲು ತೆರೆದಿಟ್ಟರೆ ಟೈಲಿನ ಸಂದಿಯ ಕಪ್ಪು ಬಹುಪಾಲು ಹುಟ್ಟುವುದೇ ಇಲ್ಲ.

ತೇವ: ಇಡೀ ಮನೆಯ ಆರೋಗ್ಯ ನಿಂತಿರುವುದು ಇಲ್ಲಿ

ಗೋಡೆಯ ಮೇಲೆ ಕಪ್ಪು ಬೂಷ್ಟು ಕಂಡ ತಕ್ಷಣ ಪೇಂಟಿನ ಅಂಗಡಿಗೆ ಓಡುವವರೇ ಹೆಚ್ಚು. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಬೂಷ್ಟು ಬಂದ ಜಾಗವನ್ನು ಒರೆಸಿ ಒಣಗಿಸಿ, ಅದರ ಮೇಲೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂಬದಿಯಲ್ಲಿ, ಗೋಡೆಯ ಕಡೆ, ನೀರು ಕಂಡರೆ ಅದು ಹೊರಗೋಡೆಯಿಂದಲೋ ಮೇಲಿನ ಮನೆಯ ಕೊಳವೆಯಿಂದಲೋ ಇಳಿಯುತ್ತಿದೆ. ಆಗ ಯಾವ ಬಣ್ಣವೂ ನಿಲ್ಲುವುದಿಲ್ಲ, ಸೊಸೈಟಿಯೊಂದಿಗೆ (ಕಟ್ಟಡದ ನಿವಾಸಿಗಳ ಸಂಘ) ಕುಳಿತು ರಿಪೇರಿ ಮಾಡಿಸಲೇಬೇಕು. ಹಾಳೆಯ ಮೇಲ್ಬದಿಯಲ್ಲಿ, ಕೋಣೆಯ ಕಡೆ, ಹನಿ ಕಂಡರೆ ಅದು ನಮ್ಮದೇ ಅಡುಗೆಯ ಹಬೆ, ಒದ್ದೆ ಬಟ್ಟೆ, ಉಸಿರು. ಅದಕ್ಕೆ ಮದ್ದು ನಮ್ಮ ಕೈಯಲ್ಲಿದೆ.

ಹೊಸದಾಗಿ ಬಣ್ಣ ಬಳಿಯುವುದಾದರೆ ಮಲಗುವ ಕೋಣೆಯ ತೇವದ ಗೋಡೆಗೆ ನಾನು ಸುಣ್ಣವನ್ನೇ ಆರಿಸುತ್ತೇನೆ. ಅದು ತೀವ್ರ ಕ್ಷಾರ, ಬೂಷ್ಟಿಗೆ ಸುಲಭವಾಗಿ ನೆಲೆ ಕೊಡುವುದಿಲ್ಲ, ಗೋಡೆಯೊಳಗಿನ ನೀರು ಆವಿಯಾಗಿ ಹೊರಬರಲು ಬಿಡುತ್ತದೆ. ಪ್ಲಾಸ್ಟಿಕ್ ಪೇಂಟ್ ತೊಳೆಯಲು ಸುಲಭ, ನೋಟಕ್ಕೆ ಚೆಂದ, ಆದರೆ ಒಳಗೆ ತೇವವಿದ್ದರೆ ಗುಳ್ಳೆಯೆದ್ದು ಸಿಪ್ಪೆಯಾಗಿ ಬೀಳುತ್ತದೆ. ಸುಣ್ಣದ ದೋಷವೆಂದರೆ ಒರಗಿದವರ ಬೆನ್ನಿಗೆ ಅಂಟುತ್ತದೆ, ಎರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಅಡುಗೆಮನೆಯ ಜಿಡ್ಡು ಹಾರುವ ಗೋಡೆಗೆ ಸುಣ್ಣ ಒಗ್ಗದು, ಅಲ್ಲಿ ತೊಳೆಯಬಹುದಾದ ಬಣ್ಣವೇ ಸರಿ.

ಗಾಳಿಯ ತೇವಕ್ಕೆ ಅಂಗಡಿಯಲ್ಲಿ ಮೂರು ಉತ್ತರಗಳಿವೆ. ನೀರು ಹೀರುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿ ಮುಚ್ಚಿದ ಕಪಾಟಿನೊಳಗೆ ಮಾತ್ರ ಪ್ರಯೋಜನ. ತೆರೆದ ಕೋಣೆಯಲ್ಲಿಟ್ಟರೆ ಅದು ಮುಂಬಯಿಯ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ. ಏರ್ ಕಂಡೀಷನರ್ ಈಗಾಗಲೇ ಇದ್ದರೆ ಅದರ ಡ್ರೈ ಮೋಡನ್ನು ಸಂಜೆ ಒಂದೆರಡು ಗಂಟೆ ಓಡಿಸುವುದು ಹೊಸ ಯಂತ್ರ ತರುವುದಕ್ಕಿಂತ ಮೇಲು. ತೇವ ತೆಗೆಯುವ ಪ್ರತ್ಯೇಕ ಯಂತ್ರ ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ಬೆಲೆ ಹತ್ತು ಸಾವಿರ ದಾಟುತ್ತದೆ, ವಿದ್ಯುತ್ತು ಕೇಳುತ್ತದೆ, ಉಳಿದ ಎಂಟು ತಿಂಗಳು ಮೂಲೆಯಲ್ಲಿ ಜಾಗ ತಿನ್ನುತ್ತದೆ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಮಾತ್ರ ಅದಕ್ಕೆ ಹಣ ಹಾಕಿ. ಏನೇ ತರುವ ಮೊದಲು ಕೆಲವು ನೂರು ರೂಪಾಯಿಗೆ ಸಿಗುವ ತೇವಮಾಪಕವನ್ನು ತಂದು ಗೋಡೆಗೆ ತೂಗುಹಾಕಿ. ಶೇಕಡಾ 60ರ ಕೆಳಗಿದ್ದರೆ ಬೂಷ್ಟಿಗೆ ಕಷ್ಟ. ಜುಲೈಯಲ್ಲಿ ಹೊರಗಿನ ಗಾಳಿಯೇ 85 ದಾಟಿರುವಾಗ ಕಿಟಕಿ ತೆರೆದ ಮಾತ್ರಕ್ಕೆ ಮನೆ ಒಣಗುವುದಿಲ್ಲ. ಆದರೂ ಅಡುಗೆಯ ಹೊತ್ತಿನಲ್ಲಿ ಎಕ್ಸಾಸ್ಟ್ ಫ್ಯಾನು ಹಾಕಿ ಹಬೆಯನ್ನು ಹೊರಗೆ ಕಳಿಸಿ, ಬಟ್ಟೆಯ ಮೇಲೆ ಫ್ಯಾನಿನ ಗಾಳಿ ಬೀಳುವಂತೆ ಮಾಡಿದರೆ ಅರ್ಧ ಯುದ್ಧ ಗೆದ್ದಂತೆ.

ಬಟ್ಟೆಯ ವಿಚಾರದಲ್ಲಿ ನಾನು ಕಟ್ಟುನಿಟ್ಟು. ಒಂದು ಬಕೆಟ್ ಒಗೆದ ಬಟ್ಟೆ ಒಣಗುವಾಗ ಒಂದೆರಡು ಲೀಟರ್ ನೀರನ್ನು ಮನೆಯ ಗಾಳಿಗೆ ಬಿಡುತ್ತದೆ. ಮಲಗುವ ಕೋಣೆಯಲ್ಲಿ ರಾತ್ರಿ ಬಟ್ಟೆ ಹರಡಬೇಡಿ. ಗ್ಯಾಲರಿಯ (ಬಾಲ್ಕನಿಯ) ಮಾಡಿಗೆ ಹಗ್ಗ ಎಳೆದು ಏರಿಸುವ ಕೊಳವೆ ಸ್ಟ್ಯಾಂಡು ನೆಲದ ಸ್ಟ್ಯಾಂಡಿಗಿಂತ ಒಳ್ಳೆಯದು, ಕಾಲಿಗೆ ಅಡ್ಡವಾಗುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ರಾಶಿ ಒಗೆಯುವುದಕ್ಕಿಂತ ದಿನವೂ ಸ್ವಲ್ಪ ಸ್ವಲ್ಪ ಒಗೆಯಿರಿ.

ಕಪಾಟನ್ನು ಹೊರಗೋಡೆಯಿಂದ ಮೂರು ಬೆರಳು ದೂರ ಸರಿಸಿ. ನುಸಿಗುಳಿಗೆಯನ್ನು ನಮ್ಮ ತಾಯಂದಿರೆಲ್ಲ ಬಳಸಿದರು, ನಿಜ. ಆ ಗುಳಿಗೆಯ ನ್ಯಾಫ್ತಲಿನ್ ವಾಸನೆ ಅಂಟಿದ ಬಟ್ಟೆಯಿಂದ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಹಸುಗೂಸುಗಳ ರಕ್ತಕಣಗಳು ಒಡೆಯುವ ಅಪಾಯವಿದೆ, ಆ ಕೊರತೆ ಇದೆಯೆಂಬುದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಗುಳಿಗೆ ಮಿಠಾಯಿಯಂತೆ ಕಾಣುವುದು ಇನ್ನೊಂದು ಭಯ. ಬೇವಿನ ಎಲೆ, ಲವಂಗ, ಲಾವಂಚದ ಬೇರು ಹುಳುಗಳನ್ನು ಸ್ವಲ್ಪಮಟ್ಟಿಗೆ ದೂರವಿಡುತ್ತವೆ, ತೇವವನ್ನು ಹೀರುವುದಿಲ್ಲ. ರೇಷ್ಮೆ ಸೀರೆಯನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಮೇ ತಿಂಗಳ ಗಾಳಿಯಲ್ಲಿ ಒಂದು ದಿನ ನೆರಳಿಗೆ ಹರಡಿ, ಮಡಿಕೆ ಬದಲಿಸಿ ಇಡುವುದಕ್ಕೆ ಸಮನಾದ ಉಪಾಯ ನನಗೆ ತಿಳಿದಿಲ್ಲ.

ದಿನಸಿಗೆ ಸ್ಟೀಲ್ ಡಬ್ಬಿ, ಉಪ್ಪು ಹುಣಸೆಗೆ ಗಾಜು ಇಲ್ಲವೇ ಭರಣಿ. ಡಬ್ಬಿ ಯಾವುದೇ ಇರಲಿ, ಮಳೆಗಾಲಕ್ಕೆ ರವೆ, ಕಡಲೆಹಿಟ್ಟನ್ನು ಹದಿನೈದು ದಿನಕ್ಕೆ ಸಾಕಾಗುವಷ್ಟೇ ತನ್ನಿ. ತಂದ ದಿನವೇ ರವೆಯನ್ನು ಹುರಿದಿಡಿ.

ಕುಡಿಯುವ ನೀರು: ಮಾರಾಟಗಾರನ ಕಂದು ನೀರಿಗೆ ಹೆದರಬೇಡಿ

ಭಾಂಡುಪಿನ ಆ ಮನೆಗೆ ಬಂದ ಒಬ್ಬ ಮಾರಾಟಗಾರ ಎರಡು ಲೋಟ ನೀರಿಗೆ ಕಡ್ಡಿಗಳಿರುವ ಒಂದು ಯಂತ್ರ ಇಳಿಸಿ ವಿದ್ಯುತ್ತು ಹಾಯಿಸಿದ. ನಲ್ಲಿಯ ನೀರು ಕಂದಾಯಿತು, ಅವನ ಯಂತ್ರದ ನೀರು ತಿಳಿಯಾಗಿಯೇ ಉಳಿಯಿತು. ಮಗು ಕುಡಿಯುವ ನೀರಿನಲ್ಲಿ ಇಷ್ಟು ಕೊಳೆಯೇ ಎಂದು ತಂಗಿಯ ಮಗಳು ಗಾಬರಿಯಾಗಿ ಫೋನು ಮಾಡಿದಳು. ಆ ಕಂದು ಬಣ್ಣ ಬಂದದ್ದು ಕಡ್ಡಿಯ ಕಬ್ಬಿಣ ಕರಗಿದ್ದರಿಂದ. ಲವಣವಿರುವ ನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ, ಕಬ್ಬಿಣ ಕರಗುತ್ತದೆ. ಲವಣ ತೆಗೆದ ನೀರಿನಲ್ಲಿ ಹರಿಯುವುದಿಲ್ಲ. ಕೊಳೆಗೂ ಅದಕ್ಕೂ ಸಂಬಂಧವಿಲ್ಲ. ಭಯ ಹುಟ್ಟಿಸಿ ಮಾರುವ ಈ ಪದ್ಧತಿ ನನಗೆ ತೀರ ನೋವು ಕೊಡುತ್ತದೆ.

ಮುಂಬಯಿ ಪಾಲಿಕೆಯ ನೀರು ತಾನ್ಸಾ, ಭಾತ್ಸಾ, ಮೋಡಕ್ ಸಾಗರ್, ವಿಹಾರ್, ತುಳಸಿ ಮುಂತಾದ ಏಳು ಕೆರೆಗಳಲ್ಲಿ ನಿಂತ ಮಳೆನೀರು. ಅದರಲ್ಲಿ ಲವಣ ತೀರ ಕಡಿಮೆ. ನಮ್ಮ ನಲ್ಲಿಯಲ್ಲಿ ಅಳೆದಾಗ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) 70ರ ಆಸುಪಾಸು ಬಂತು. ಭಾರತೀಯ ಮಾನಕದ ಮಿತಿ ಲೀಟರಿಗೆ 500 ಮಿಲಿಗ್ರಾಂ. ಆರ್‌ಓ ಯಂತ್ರದ ಮುಖ್ಯ ಕೆಲಸ ಲವಣ ತೆಗೆಯುವುದು. ಇಲ್ಲದ ಲವಣವನ್ನು ತೆಗೆಯಲು ಒಂದು ಲೀಟರಿಗೆ ಸುಮಾರು ಮೂರು ಲೀಟರ್ ನೀರನ್ನು ಚರಂಡಿಗೆ ಬಿಡುವುದು ಯಾವ ನ್ಯಾಯ? ಇಲ್ಲಿ ಭಯವಿರುವುದು ಸೊಸೈಟಿಯ ಟಾಕಿ (ನೀರಿನ ತೊಟ್ಟಿ) ಮತ್ತು ಹಳೆಯ ಕೊಳವೆಗಳಿಂದ ಸೇರುವ ರೋಗಾಣುಗಳದ್ದು. ಅದಕ್ಕೆ ಚೆನ್ನಾಗಿ ಕುದಿಸುವುದು ಸಾಕು. ಪುರುಸೊತ್ತಿಲ್ಲದಿದ್ದರೆ ಯುವಿ (ನೇರಳಾತೀತ ಕಿರಣ) ಶುದ್ಧೀಕರಣದ ಯಂತ್ರ. ಟಾಕಿಯನ್ನು ಆರು ತಿಂಗಳಿಗೊಮ್ಮೆ ತೊಳೆಸುತ್ತಿದ್ದಾರೆಯೇ ಎಂದು ಸೊಸೈಟಿಯ ಕಾರ್ಯದರ್ಶಿಯನ್ನು ಕೇಳುವುದು ಯಂತ್ರಕ್ಕಿಂತ ಮೊದಲಿನ ಕೆಲಸ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಕಟ್ಟಡದವರ ಮಾತು ಬೇರೆ. ಅಳೆದು ನೋಡಿ, 500 ದಾಟಿದರೆ ಆರ್‌ಓ ತನ್ನಿ, ಹೊರಬಿಟ್ಟ ನೀರನ್ನು ಸಂಡಾಸಿಗೆ, ನೆಲಕ್ಕೆ ಬಳಸಿ. ಗಿಡಕ್ಕೆ ಹಾಕಬೇಡಿ, ಅದರಲ್ಲಿ ಲವಣ ಸಾಂದ್ರವಾಗಿರುತ್ತದೆ.

ಹಸಿ ಕಸ: ಮಡಕೆಯೇ, ಬಕೆಟ್ಟೇ, ಸೊಸೈಟಿಯ ಗುಂಡಿಯೇ?

ನಮ್ಮ ಮುಲುಂಡಿನಲ್ಲಿ ಕಸದ ಗುಡ್ಡವೊಂದಿತ್ತು. 2018ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಗಾಳಿ ತಿರುಗಿದಾಗ ಬರುತ್ತಿದ್ದ ವಾಸನೆ ನಮಗೆ ಇನ್ನೂ ನೆನಪಿದೆ. ಮುಂಬಯಿಯ ಇನ್ನೊಂದು ಕಸದ ಗುಡ್ಡವಾದ ದೇವನಾರದಲ್ಲಿ 1927ರಿಂದ ಸುರಿದ ಕಸ 2016ರ ಜನವರಿಯಲ್ಲಿ ಹೊತ್ತಿ ಉರಿದಾಗ ಹೊಗೆ ದಿನಗಟ್ಟಲೆ ಊರನ್ನು ಮುಸುಕಿತ್ತು. ಕೊಳೆಯುವ ಹಸಿ ಕಸದಿಂದ ಹುಟ್ಟುವ ಮೀಥೇನ್ ಅಂಥ ಬೆಂಕಿಗೆ ಆಹಾರ. ಆದ್ದರಿಂದ ಸಿಪ್ಪೆಯನ್ನು ಮನೆಯಲ್ಲೇ ಗೊಬ್ಬರ ಮಾಡುವುದು ನನಗೆ ಹವ್ಯಾಸವಲ್ಲ, ಕರ್ತವ್ಯ.

ಸೊಸೈಟಿಯಲ್ಲಿ ಗುಂಡಿ ಅಥವಾ ಯಂತ್ರ ಇದ್ದರೆ ಅದೇ ಮೊದಲ ಆಯ್ಕೆ. ಹೆಚ್ಚು ಕಸ ಒಟ್ಟಿಗೆ ಸೇರಿದಾಗ ರಾಶಿ ಒಳಗಿನಿಂದ ಬಿಸಿಯೇರುತ್ತದೆ, ಬೇಗ ಕೊಳೆಯುತ್ತದೆ, ಹುಳು ಕಡಿಮೆ. 2017ರಲ್ಲಿ ಪಾಲಿಕೆಯು ದಿನಕ್ಕೆ 100 ಕಿಲೋಗಿಂತ ಹೆಚ್ಚು ಹಸಿ ಕಸ ಹುಟ್ಟುವ ಮತ್ತು 20,000 ಚದರ ಮೀಟರಿಗಿಂತ ದೊಡ್ಡ ಆವರಣಗಳಿಗೆ ಕಸವನ್ನು ತಾವೇ ಸಂಸ್ಕರಿಸಬೇಕೆಂದು ಹೇಳಿತು. ಸಣ್ಣ ಸೊಸೈಟಿಯಾದರೂ ಮನಸ್ಸಿಟ್ಟು ನೋಡಿಕೊಳ್ಳುವ ಒಬ್ಬರು ಸಿಕ್ಕರೆ ನಡೆಯುತ್ತದೆ. ಆ ಒಬ್ಬರಿಲ್ಲದೆ ಯಂತ್ರ ತಂದ ಕಡೆ ತುಕ್ಕು ಹಿಡಿದದ್ದನ್ನು ನೋಡಿದ್ದೇನೆ.

ಮನೆಯೊಳಗಾದರೆ ಎರಡು ದಾರಿ. ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳು ಉಸಿರಾಡುತ್ತವೆ. ಪ್ರತಿ ದಿನ ಸಿಪ್ಪೆ ಹಾಕಿ ಮೇಲೆ ಅಷ್ಟೇ ಪ್ರಮಾಣದ ಒಣ ವಸ್ತು ಮುಚ್ಚಬೇಕು. ಎರಡು ಮೂರು ತಿಂಗಳಲ್ಲಿ ಕೆಳಗಿನ ಮಡಕೆಯಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ. ಒಣ ವಸ್ತುವಾಗಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಕೊಳ್ಳಬಹುದು, ಆದರೆ ಬೇಸಿಗೆಯಲ್ಲಿ ಕಟ್ಟಡದ ಕೆಳಗೆ ಉದುರುವ ಮಳೆಮರದ ಎಲೆಯನ್ನು ಎರಡು ಗೋಣಿ ತುಂಬಿಸಿ ಒಣಗಿದ ಕಡೆ ಇಟ್ಟರೆ ಮಳೆಗಾಲ ದಾಟುತ್ತದೆ, ಒಂದು ಪೈಸೆಯೂ ಬೇಡ. ಜುಲೈಯಲ್ಲಿ ಒಣ ಎಲೆಯನ್ನು ಒಂದೂವರೆ ಪಾಲು ಹಾಕಿ. ಬಿಳಿ ಹುಳು ಕಂಡರೆ ಹೆದರಬೇಡಿ, ತೇವ ಹೆಚ್ಚಾಗಿದೆ ಎಂದರ್ಥ, ಎಲೆ ಸೇರಿಸಿ ಕಲಕಿ.

ಎರಡನೆಯದು ಬೊಕಾಶಿ: ನಲ್ಲಿಯಿರುವ ಮುಚ್ಚಿದ ಬಕೆಟ್ಟು, ಸೂಕ್ಷ್ಮಜೀವಿಗಳನ್ನು ಬೆರೆಸಿದ ತೌಡು. ಇದರಲ್ಲಿ ಕಸ ಗಾಳಿಯಿಲ್ಲದೆ ಹುಳಿಯುತ್ತದೆ. ನಮ್ಮಂಥ ಮೀನಿನ ಮನೆಗೆ ಇದರ ಆಕರ್ಷಣೆ ದೊಡ್ಡದು. ಬಂಗುಡೆಯ ತಲೆ, ಕರುಳನ್ನು ಮಡಕೆಗೆ ಹಾಕಿದರೆ ಇಡೀ ಮಾಳಿಗೆಯವರು ಬಾಗಿಲು ತಟ್ಟುತ್ತಾರೆ, ಬೊಕಾಶಿ ಅದನ್ನೂ ತಾಳಿಕೊಳ್ಳುತ್ತದೆ. ಆದರೆ ಎರಡು ವಾರದ ನಂತರ ಹೊರಬರುವುದು ಗೊಬ್ಬರವಲ್ಲ, ಉಪ್ಪಿನಕಾಯಿಯಂತೆ ಹುಳಿತ ಕಸ. ಅದನ್ನು ಮತ್ತೆ ಮಣ್ಣಿನಲ್ಲಿ ಹೂಳಬೇಕು. ಹೂಳಲು ಮಣ್ಣೆಲ್ಲಿದೆ? ಸೊಸೈಟಿಯಲ್ಲಿ ತೋಟವಿದ್ದರೆ ಬೊಕಾಶಿ, ಇಲ್ಲದಿದ್ದರೆ ಸಿಪ್ಪೆಗೆ ಮಡಕೆ. ಮೀನಿನ ಕಸವನ್ನು ಮಾತ್ರ ಕಾಗದದಲ್ಲಿ ಸುತ್ತಿ ಪಾಲಿಕೆಯ ಹಸಿ ಕಸದ ಡಬ್ಬಿಗೆ ಕೊಡಿ. ನಾನು ಮಾಡುವುದು ಇದನ್ನೇ.

ತಂಗಿಯ ಮಗಳ ಮಡಕೆಯ ಮೊದಲ ಗೊಬ್ಬರ ನಾಲ್ಕು ಕಿಲೋ ಬಂತು. ಊರಿಂದ ತಂದ ಬಸಳೆಯ ದಂಟನ್ನು ಅದರಲ್ಲಿ ನೆಟ್ಟು ಗ್ರಿಲ್ಲಿಗೆ ಹಬ್ಬಿಸಿದ್ದಾಳೆ.

ಸೊಳ್ಳೆ

ಗಿಡ ಬಂದ ಕಡೆ ಕುಂಡದ ಕೆಳಗೆ ತಟ್ಟೆ ಬರುತ್ತದೆ, ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಡೆಂಗಿ ತರುವ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ, ಹಗಲಿನಲ್ಲೇ ಕಚ್ಚುತ್ತದೆ. ಆದ್ದರಿಂದ ರಾತ್ರಿ ಮಾತ್ರ ಹಚ್ಚುವ ಬತ್ತಿಯಿಂದ ಅದರ ತಡೆಯಾಗುವುದಿಲ್ಲ. ಸೊಳ್ಳೆಬತ್ತಿಯ ವಿಷಯದಲ್ಲಿ ಇನ್ನೊಂದನ್ನು ಹೇಳಲೇಬೇಕು: ಒಂದು ಬತ್ತಿ ಉರಿದು ಮುಗಿಯುವಾಗ ಬಿಡುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟುಗಳದ್ದಕ್ಕೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದಿತ್ತು. ಮಗು ಮಲಗಿರುವ ಮುಚ್ಚಿದ ಕೋಣೆಯಲ್ಲಿ ಅದನ್ನು ಹಚ್ಚಲೇಬೇಡಿ. ವಿದ್ಯುತ್ತಿನಲ್ಲಿ ಬಿಸಿಯಾಗುವ ದ್ರವದಲ್ಲಿ ಹೊಗೆಯಿಲ್ಲ, ಔಷಧವಿದೆ. ಸಂಜೆ ಒಂದು ಗಂಟೆ ಹಾಕಿ, ಮಲಗುವಾಗ ಆರಿಸಿ.

ಕಿಟಕಿಗೆ ಜಾಲರಿ ಹಾಕಿಸಲು ಒಮ್ಮೆ ಹಣ ಖರ್ಚಾಗುತ್ತದೆ, ನಂತರ ವರ್ಷಗಟ್ಟಲೆ ಏನೂ ಬೇಡ. ವೆಲ್ಕ್ರೋ ಪಟ್ಟಿಯ ಜಾಲರಿ ಅಗ್ಗ, ಬಿಚ್ಚಿ ತೊಳೆಯಬಹುದು, ಆದರೆ ಕಿಟಕಿಯಿಂದ ಬಟ್ಟೆ ಹಾಕಿ ತೆಗೆಯುವ ಮನೆಗಳಲ್ಲಿ ಎರಡೇ ತಿಂಗಳಿಗೆ ಪಟ್ಟಿ ಸಡಿಲಾಗುತ್ತದೆ. ಅಂಥ ಕಿಟಕಿಗೆ ಜಾರುವ ಚೌಕಟ್ಟಿನ ಜಾಲರಿ, ಉಳಿದವುಗಳಿಗೆ ವೆಲ್ಕ್ರೋ. ಜಾಲರಿಯ ಮೇಲೆ ಧೂಳು ಕುಳಿತರೆ ಗಾಳಿ ನಿಲ್ಲುತ್ತದೆ, ತೇವ ಏರುತ್ತದೆ. ತಿಂಗಳಿಗೊಮ್ಮೆ ತೊಳೆಯಿರಿ. ತೊಟ್ಟಿಲಿಗೆ, ಹಾಸಿಗೆಗೆ ಹಳೆಯ ಕಾಲದ ಸೊಳ್ಳೆಪರದೆ ಇಂದಿಗೂ ಅತ್ಯುತ್ತಮ.

ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಂದು ದಿನ ಮನೆಯ ನಿಂತ ನೀರನ್ನೆಲ್ಲ ಚೆಲ್ಲಿದರೆ ಆ ಸರಣಿ ಕಡಿಯುತ್ತದೆ: ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಏರ್ ಕಂಡೀಷನರಿನ ನೀರು ತೊಟ್ಟಿಕ್ಕುವ ಡಬ್ಬಿ, ದೇವರ ಮುಂದಿನ ಹೂವಿನ ನೀರು, ಬಚ್ಚಲಿನ ಮೂಲೆಯ ತುಂಬಿಟ್ಟ ಪಿಂಪ (ಡ್ರಮ್ಮು). ಚೆಲ್ಲಿದರೆ ಸಾಲದು, ಅಂಚಿಗೆ ಅಂಟಿದ ಮೊಟ್ಟೆ ಹೋಗುವಂತೆ ನಾರಿನಿಂದ ಉಜ್ಜಬೇಕು. ಭಾಂಡುಪಿನಲ್ಲಿ ಅದಕ್ಕೆ ಶನಿವಾರ ಬೆಳಿಗ್ಗೆ ಎಂದು ನಿಗದಿಯಾಗಿದೆ. ತಾಯಿ ಪಿಂಪ ಉಜ್ಜುತ್ತಾಳೆ, ಮಗು ಬಸಳೆಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೋರಿಯವರೆಗೆ ಹೊತ್ತು ತರುತ್ತದೆ.